ಇನ್ನೊಂದು ಚೀಲ

ಹೊಸ ಹಾಡು ಬಿಡುಗಡೆಯಾದ ಭಾನುವಾರ, ಮನೆಯಲ್ಲಿ ಅವಳು ಅದನ್ನು ಮೊದಲು ಕೇಳಿಸಿದ್ದು ಅಪ್ಪನಿಗೆ. ಅಮ್ಮ ಒಳಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದಿದ್ದಳು. ಯಾರದೋ ಕೋಟಿನ ತೋಳು ಗಿಡ್ಡ ಮಾಡುವ ಕೆಲಸ. ಅಪ್ಪ ಲಿಫ್ಟ್ ರಿಪೇರಿಯವನು. ರಜೆಯ ದಿನವೂ ಅವನ ಕೈ ಸುಮ್ಮನಿರದು. ಊಟದ ಮೇಜಿನ ಮೇಲೆ ಹಳೇ ಪತ್ರಿಕೆ ಹಾಸಿ, ಕೆಟ್ಟ ಟೇಬಲ್ ಫ್ಯಾನೊಂದನ್ನು ಬಿಚ್ಚಿ ಹರವಿಕೊಂಡಿದ್ದ.

ಮನೆಯಲ್ಲಿ ಅವಳನ್ನು ಕರೆಯುವುದು ಗುಬ್ಬಿ ಎಂದು. ವಾರವಿಡೀ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವುದು, ಉಳಿದ ಹೊತ್ತಿನಲ್ಲಿ ಹಾಡು ಕಟ್ಟುವುದು. ಅವಳ ಸ್ಟುಡಿಯೋ ಎಂದರೆ ಬಟ್ಟೆಯ ಬೀರು. ಅದರ ಬಾಗಿಲು ತೆರೆದು, ಮೇಲಿಂದ ಕಂಬಳಿ ಇಳಿಬಿಟ್ಟು, ಅಮ್ಮನ ಯಂತ್ರ ನಿಂತ ಹೊತ್ತು ನೋಡಿ ಮೈಕಿನ ಮುಂದೆ ಕೂರುತ್ತಿದ್ದಳು. ಹಿಂದಿನ ಹಾಡುಗಳನ್ನು ಕೇಳಿದವರು ನೆಂಟರಿಷ್ಟರು, ಅದೂ ದಾಕ್ಷಿಣ್ಯಕ್ಕೆ. ಇದು ಹಾಗಾಗಲಿಲ್ಲ. ಬೆಳಗಿನಿಂದ ಫೋನು ಗುಂಯ್‌ಗುಡುತ್ತಲೇ ಇತ್ತು. ಮುಖ ಪರಿಚಯವಿಲ್ಲದ ಹುಡುಗಿಯರು ‘ಇದು ನನ್ನದೇ ಕಥೆ’ ಎಂದು ಬರೆಯುತ್ತಿದ್ದರು.

“ಅಪ್ಪಾ, ಫ್ಯಾನ್ ಎಲ್ಲೂ ಓಡಿಹೋಗಲ್ಲ. ಸ್ವಲ್ಪ ಕಿವಿ ಕೊಡು.”

“ಹಾಕು ಹಾಕು. ಕೈಗೆ ತಾನೆ ಕೆಲ್ಸ? ಕಿವಿ ಖಾಲಿನೇ ಇದೆ.”

ಹಾಡು ಹದಿನೇಳರ ಹುಡುಗಿಯದು. ಒಂದು ಮುಂಜಾನೆ ಯಾರಿಗೂ ಹೇಳದೆ ಚೀಲ ಹೊತ್ತು ಬಸ್ ನಿಲ್ದಾಣಕ್ಕೆ ಬರುತ್ತಾಳೆ. ಇಂಥವರ ಮಗಳು ಎಂದು ಯಾರೂ ಗುರುತಿಸದ ಊರಿಗೆ ಹೋಗಬೇಕು, ಅಲ್ಲಿ ಹೊಸದೊಂದು ಹೆಸರಿಟ್ಟುಕೊಂಡು ಬೇರೆಯೇ ಆಗಿಬಿಡಬೇಕು. ಬಸ್ಸು ಬರುತ್ತದೆ, ಬಾಗಿಲು ತೆರೆಯುತ್ತದೆ, ಅವಳ ಕಾಲು ಏಳುವುದಿಲ್ಲ.

*ಹೊರಟು ನಿಂತುದ ಕಂಡವರಿಲ್ಲ,*
*ಮರಳಿ ಬಂದುದ ಕಂಡವರಿಲ್ಲ.*

ಹಾಡು ಮುಗಿಯಿತು. ಅಪ್ಪನ ಕೈ ಸ್ಕ್ರೂಡ್ರೈವರ್ ಹಿಡಿದಲ್ಲೇ ನಿಂತಿತ್ತು.

“ಇದು ಕಟ್ಟಿದ ಕಥೆನಾ?”

“ಇಲ್ಲಪ್ಪ. ನಡೆದದ್ದೇ. ಬೈಬೇಡ, ಎಷ್ಟೋ ವರ್ಷ ಆಯ್ತು.”

“ಕಂಡವರಿಲ್ಲ ಅಂತ ಯಾಕೆ ಬರ್ದೆ?”

“ಯಾರೂ ನೋಡ್ಲಿಲ್ಲ, ಅದಕ್ಕೆ.”

“ನಾನು ನೋಡ್ದೆ.”

ಗುಬ್ಬಿ ನಕ್ಕಳು. “ಸುಮ್ನಿರಪ್ಪ, ಏನೇನೋ ಹೇಳ್ಬೇಡ.”

“ನೀನು ನನ್ನ ನೀಲಿ ಅಂಗಿ ಹಾಕ್ಕೊಂಡಿದ್ದೆ. ಕೂದ್ಲೆಲ್ಲ ಟೋಪಿ ಒಳಗೆ ತುರುಕಿದ್ದೆ. ಟೀ ಅಂಗಡಿ ಪಕ್ಕ ಒಂದೇ ಸಮ ಉಗುರು ಕಚ್ತಾ ನಿಂತಿದ್ದೆ.”

ಅಂಗಿಯ ಮಾತು ಹಾಡಿನಲ್ಲಿರಲಿಲ್ಲ, ಟೋಪಿಯದೂ ಇರಲಿಲ್ಲ. ಅವಳ ನಗು ನಿಂತಿತು. ಮರುಕ್ಷಣವೇ ಎದೆ ತುಂಬಿ ಬಂತು. ಬೆನ್ನ ಹಿಂದೆಯೇ ಬಂದು, ಕೂಗದೆ, ಗದರದೆ, ಅವಳೇ ತಿರುಗಲಿ ಎಂದು ಕಾದ ಅಪ್ಪ!

“ನನ್ನ ಹುಡುಕ್ಕೊಂಡು ಬಂದಿದ್ಯಾ?”

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

“ಇಲ್ಲ ಗುಬ್ಬಿ. ನಾನು ನಿನಗಿಂತ ಮೊದ್ಲೇ ಅಲ್ಲಿದ್ದೆ. ನನ್ನ ಹತ್ರಾನೂ ಒಂದು ಚೀಲ ಇತ್ತು.”

ಒಳಗೆ ಹೊಲಿಗೆ ಯಂತ್ರ ನಿಂತಿತು.

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಕುರ್ಚಿಯ ಬೆನ್ನು ಹಿಡಿದುಕೊಂಡಳು. “ಬಿಟ್ಟು ಹೋಗ್ತಿದ್ಯಾ? ನಮ್ಮನ್ನ? ಬೇರೆ ಯಾರಾದ್ರೂ ಇದ್ರಾ?”

“ಯಾರೂ ಇರ್ಲಿಲ್ಲ. ನಿನ್ನ ಹಾಡಲ್ಲಿದೆಯಲ್ಲ, ಅದೇ. ಗಂಡ, ಅಪ್ಪ, ಲಿಫ್ಟಿನವನು... ಇದ್ಯಾವುದೂ ಆಗದೆ ಒಂದಿನ ಬದುಕ್ಬೇಕು ಅನ್ನಿಸ್ತು. ಹದಿನೇಳಕ್ಕೆ ಬರ್ಬೇಕಾದ ಹುಚ್ಚು, ನಂಗೆ ತಡವಾಗಿ ಬಂತು.”

“ನಾನು ಬಸ್ ಹತ್ತಿದ್ರೆ?”

“ಗೊತ್ತಿಲ್ಲ. ಕೂಗೋಣ ಅಂದ್ಕೊಂಡೆ. ನನ್ನ ಕೈಲೇ ಚೀಲ ಇಟ್ಕೊಂಡು ನಿನ್ನ ಯಾವ ಬಾಯಲ್ಲಿ ಕೇಳ್ಲಿ, ಎಲ್ಲಿಗೆ ಹೊರಟೆ ಅಂತ? ನೀನು ತಿರುಗಿದೆ. ಆಮೇಲೆ ನಾನೂ ತಿರುಗಿದೆ.”

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಕೊರಳಲ್ಲಿ ಅಳತೆಪಟ್ಟಿ, ತುಟಿಗಳ ನಡುವೆ ಗುಂಡುಪಿನ್ನುಗಳು. ಅವನ್ನು ಒಂದೊಂದಾಗಿ ತೆಗೆದು ಅಂಗೈಯಲ್ಲಿಟ್ಟುಕೊಂಡಳು.

“ಅವತ್ತು ಎದ್ದಾಗ ಮನೇಲಿ ಇಬ್ರೂ ಇರ್ಲಿಲ್ಲ,” ಎಂದಳು. “ವಾಕಿಂಗ್ ಹೋಗಿದ್ದೀರ ಅಂದ್ಕೊಂಡೆ. ಅಪ್ಪ ಮಗಳು ಕೊನೆಗೂ ಜೊತೆಯಾಗಿ ಓಡಾಡ್ತಿದ್ದಾರಲ್ಲ ಅಂತ ಖುಷಿಪಟ್ಟಿದ್ದೆ ಕಣೆ.”

ಅಮ್ಮ ಚಪ್ಪಲಿ ಮೆಟ್ಟಿದಳು.

“ಎಲ್ಲಿಗಮ್ಮ?”

“ಅದನ್ನ ಕೇಳೋ ಹಕ್ಕು ನಿಮ್ಮಿಬ್ರಿಗೂ ಇಲ್ಲ.”

ಬಾಗಿಲು ಮುಚ್ಚಿತು. ಅಪ್ಪ ಫ್ಯಾನಿನ ರೆಕ್ಕೆ ಜೋಡಿಸಲು ಹೋದ. ಒಂದೇ ತಿರುಪನ್ನು ಎರಡು ಸಲ ತಪ್ಪು ತೂತಿಗೆ ಹಾಕಿ ತೆಗೆದ. ಗುಬ್ಬಿಯ ಫೋನು ಮೇಜಿನ ಮೇಲೆ ಗುಂಯ್‌ಗುಡುತ್ತಿತ್ತು. ಅವಳು ಅದನ್ನು ಬೋರಲು ಹಾಕಿದಳು.

ಸಂಜೆ ದೀಪ ಹಾಕುವ ಹೊತ್ತಿಗೆ ಅಮ್ಮ ಬಂದಳು. ಬಂದವಳೇ ಒಂದು ಲೋಟ ನೀರು ಕುಡಿದು ಕೂತಳು.

“ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಎಷ್ಟೋ ಬಸ್ ಬಂದ್ವು, ಹೋದ್ವು. ನಂಗೆ ಮಾತ್ರ ಒಂದನ್ನೂ ಹತ್ತೋಣ ಅನ್ನಿಸ್ಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬರ್ತಿದೆ.”

“ಅಮ್ಮ, ಹಾಡು ತೆಗೆದುಹಾಕ್ಲಾ?”

“ಯಾಕೆ? ಬರ್ದಿರೋದು ನಿಜ ತಾನೆ?” ಆಮೇಲೆ ಗಂಡನ ಕಡೆ ತಿರುಗಿದಳು. “ನಿಮ್ಮ ಹತ್ರ ಮಾತಾಡೋಕೆ ನಂಗೆ ಇನ್ನೂ ಆಗಲ್ಲ. ಯಾವಾಗ ಆಗತ್ತೋ ಗೊತ್ತಿಲ್ಲ. ಆಗೋವರೆಗೆ ಎದುರಿಗೇ ಇರ್ಬೇಕು ನೀವು.”

ಅಪ್ಪ ತಲೆಯಾಡಿಸಿದ. ಪತ್ರಿಕೆ ಮಡಚಿ, ಮೇಜು ಒರೆಸಿ, ತಟ್ಟೆಗಳನ್ನು ಅವನೇ ತಂದಿಟ್ಟ.

ಗುಬ್ಬಿ ತಟ್ಟೆಯ ಅನ್ನ ಕಲಸುತ್ತ ಕೂತಳು. ಎದುರಿಗೆ ಕೂತಿದ್ದ ಇಬ್ಬರನ್ನೂ ಅವಳು ತಲೆಯೆತ್ತದೆ, ರೈಲಿನಲ್ಲಿ ಹೊಸಬರನ್ನು ನೋಡುವಂತೆ, ಕದ್ದು ಕದ್ದು ನೋಡುತ್ತಿದ್ದಳು.