ನೀಲಿ ಬಾಗಿಲಿನ ಮೇಲೆ ವಾರ್ನಿಷ್

ಮಣ್ಣಗುಡ್ಡದ ವರ್ಕ್‌ಶಾಪಿನಲ್ಲಿ, ಫ್ಲಾವಿಯಾಳ ಮೇಜಿನ ಮೇಲಿದ್ದ ಪುಟ್ಟ ಕೊಳಕ್ಕೆ ಬಿಳಿ ಹಿಡಿದಿತ್ತು.

ಅದೇನೂ ಹೊಸತಲ್ಲ. ಬಿಲ್ಡರುಗಳಿಗೆ ಕಟ್ಟಡಗಳ ಮಾಡೆಲ್ ಮಾಡಿಕೊಡುವುದು ಅವಳ ಕೆಲಸ. ಈ ಕರಾವಳಿ ಊರಿನ ಜುಲೈ ಗಾಳಿಯಲ್ಲಿ ಬಣ್ಣವಿಲ್ಲದ ವಾರ್ನಿಷ್ ಹೊಡೆದರೆ ಅದು ಒಣಗುವ ಮೊದಲೇ ತೇವ ಹೀರಿ ಮಂಜು ಮುಸುಕಿದಂತಾಗುತ್ತದೆ. ನಿಧಾನವಾಗಿ ಒಣಗುವ ಥಿನ್ನರ್ ಬೆರೆಸಿ ಮೇಲೊಂದು ತೆಳು ಕೋಟ್ ಕೊಟ್ಟರೆ ಮಂಜು ಕರಗುತ್ತದೆ. ಆದರೆ ಮಂಜು ಹಿಡಿದರೆ ಇಡೀ ಮೇಲ್ಮೈಗೆ ಹಿಡಿಯಬೇಕು. ಇಲ್ಲಿ ಹಿಡಿದದ್ದು ಚೌಕ ಚೌಕವಾಗಿ, ಒಂದರ ಪಕ್ಕ ಒಂದು, ನಡುವೆ ಓಣಿಯಷ್ಟು ಜಾಗ ಬಿಟ್ಟು.

ಆ ಚೌಕಗಳು ಏನೆಂದು ಅವಳಿಗೆ ಗೊತ್ತಿತ್ತು. ಅವು ಮನೆಗಳು.

ಮೇ ತಿಂಗಳಲ್ಲಿ ಜಾಗದ ಫೋಟೋ ತೆಗೆಯಲು ಅವಳು ಕಾವೂರಿಗೆ ಹೋಗಿದ್ದಳು. ಅಪಾರ್ಟ್‌ಮೆಂಟ್ ಏಳಬೇಕಾದ ಜಾಗದ ಒಂದು ಅಂಚಿನಲ್ಲಿ ನಾಗಬನ, ಇನ್ನೊಂದು ಅಂಚಿನಲ್ಲಿ ಹಂಚಿನ ಮನೆಗಳ ಸಾಲು. ಕೊನೆಯ ಮನೆಯ ಗುಣವತಿ, ಅತ್ತಾವರದ ಆಸ್ಪತ್ರೆಯೊಂದರಲ್ಲಿ ಆಯಾ, ಒಳಗೆ ಕರೆದು ಪುನರ್ಪುಳಿ ಶರಬತ್ತು ಕೊಟ್ಟಿದ್ದಳು. "ನಮ್ಮ ಬಾಗಿಲು ನೀಲಿ ಉಂಟು ಬಾಯಮ್ಮ, ಅದನ್ನೂ ಹಾಕಿ ಆಯ್ತಾ," ಎಂದಿದ್ದಳು. ಫ್ಲಾವಿಯಾ ಮಾಡೆಲಿನಲ್ಲಿ ಹಾಕಿದ್ದಳು ಕೂಡ. ಅಕ್ಕಿಕಾಳಿನಷ್ಟು ಬಾಗಿಲಿಗೆ ಒಂದೇ ಕೂದಲಿನ ಬ್ರಷ್ಷಿನಲ್ಲಿ ನೀಲಿ.

ಮಾಡೆಲ್ ನೋಡಲು ಬಂದ ಬಿಲ್ಡರ್ ಕಡೆಯ ಗೌರವ್‌ಗೆ ಮೊದಲು ಕಂಡದ್ದು ಅದೇ.

"ಇದೆಂತ ಮೇಡಂ, ಇದನ್ನೆಲ್ಲ ಯಾಕೆ ಹಾಕಿದ್ದು?"

"ಸರ್ವೆಯಲ್ಲಿ ಉಂಟಲ್ಲ."

"ಸರ್ವೆಯಲ್ಲಿ ಕರೆಂಟ್ ಕಂಬವೂ ಉಂಟು, ಬೀದಿನಾಯಿ ಮಾತ್ರ ಬಿಟ್ಟುಹೋಗಿದೆ. ಇಲ್ಲಿ ಕೊಳ ಬರ್ತದೆ. ಶನಿವಾರ ಅಧಿಕಾರಿಗಳ ಮುಂದೆ ಅಹವಾಲು ಸಭೆ. ಜಾಗ ಖಾಲಿ ಅಂತ ಅವರಿಗೆ ನೋಡಿದ ಕೂಡಲೇ ಗೊತ್ತಾಗ್ಬೇಕು. ಅಲ್ಲಿ ಒಪ್ಪಿಗೆ ಆದ್ರೆ ಸೋಮವಾರ ಜೆಸಿಬಿ."

"ನಾಗಬನವನ್ನೂ ತೆಗೀಬೇಕಾ?"

"ಅಯ್ಯೋ, ಅದನ್ನು ಮುಟ್ಬೇಡಿ ಮಾರಾಯ್ರೆ. ಅದಕ್ಕೆ ಗ್ರಾನೈಟ್ ಕಟ್ಟೆ ಮಾಡಿ, ಚಂದದ ಲೈಟ್ ಬಿಡಿ. ನಾಗನನ್ನು ಎಬ್ಬಿಸಿದ್ರೆ ನಮ್ಮ ಧಣಿಗಳಿಗೆ ನಿದ್ದೆ ಬರ್ಲಿಕ್ಕಿಲ್ಲ."

ಕಲ್ಲಿನ ಹೆಡೆಗೆ ಹೆದರುವವರು, ಉಸಿರಾಡುವ ಮನುಷ್ಯರನ್ನು ಎಬ್ಬಿಸಿ ಬೀದಿಗೆ ಹಾಕಿ ಸುಖವಾಗಿ ನಿದ್ದೆ ಮಾಡುತ್ತಾರೆ. ಮನುಷ್ಯರಿಗೆ ದೋಷ ತಟ್ಟಿಸುವ ಶಕ್ತಿ ಇಲ್ಲವೆಂದು ಅವರಿಗೆ ಯಾರೋ ಭರವಸೆ ಕೊಟ್ಟಿರಬೇಕು.

ಸರಿಯಾಗಿ ಮಾಡುವುದಾದರೆ ತಳವನ್ನೇ ಕತ್ತರಿಸಿ ತೆಗೆದು ಹೊಸದನ್ನು ಕೂರಿಸಬೇಕಿತ್ತು. ಫ್ಲಾವಿಯಾ ಅಡ್ಡದಾರಿ ಹಿಡಿದಳು. ಬ್ಲೇಡಿನಲ್ಲಿ ಹಂಚಿನ ಮಾಡುಗಳನ್ನಷ್ಟೇ ಹೆರೆದು, ಗೋಡೆ ಬಾಗಿಲುಗಳನ್ನು ಹಾಗೆಯೇ ಬಿಟ್ಟು, ಮಟ್ಟ ಮಾಡಲು ಪುಟ್ಟಿಯ ಲೇಪ ತುಂಬಿದಳು. ಅದರ ಮೇಲೆ ಹಸಿರು ನೀಲಿ ಬಣ್ಣ, ಬಣ್ಣದ ಮೇಲೆ ಭಾನುವಾರ ವಾರ್ನಿಷ್. ಹೊಳಪು ಸರಿಯಾಗಿ ಕೂತರೆ ನೋಡುವವರಿಗೆ ಆಳವಾದ ನೀರು ಕಾಣುತ್ತದೆ. ಅಡಿಯಲ್ಲಿ ಏನಿದೆ ಎಂದು ಯಾರೂ ಕೇಳುವುದಿಲ್ಲ.

ಸೋಮವಾರ ಮೊದಲ ಸಲ ಬಿಳಿ ಚೌಕಗಳು ಕಂಡವು. ಪುಟ್ಟಿ ಸರಿಯಾಗಿ ಒಣಗಿಲ್ಲ, ತೇವ ಮೇಲೆ ಬಂದಿದೆ ಎಂದುಕೊಂಡಳು. ಉಜ್ಜಿ, ಒಣಗಿಸಿ, ಬುಧವಾರ ಎರಡನೆಯ ಕೋಟ್ ಕೊಟ್ಟಳು. ಚೌಕಗಳು ಮತ್ತೆ ಬಂದವು. ಈ ಸಲ ಕೊನೆಯ ಚೌಕದ ಅಂಚಿನಲ್ಲಿ ಒಂದು ನೀಲಿ ಚುಕ್ಕೆ, ನೀರಿನ ಅಡಿಯಿಂದ ಮೇಲೇರಿ ಬಂದಂತೆ.

ಗುರುವಾರ ಮಧ್ಯಾಹ್ನ ಗುಣವತಿಯೇ ಬಂದಳು. ಆಸ್ಪತ್ರೆಯ ಪಾಳಿ ಮುಗಿಸಿ ನೇರ ಬಂದಿದ್ದಳು, ಕೊಡೆಯಿಂದ ನೀರು ಸುರಿಯುತ್ತಿತ್ತು. ಫ್ಲಾವಿಯಾ ಮಾಡೆಲ್ ಮೇಲೆ ಬಟ್ಟೆ ಎಳೆದಳು.

"ಬಾಯಮ್ಮ, ಒಂದು ಕೇಳ್ಲಿಕ್ಕೆ ಬಂದೆ. ನಮ್ಮ ಮನೆ ಉಂಟಲ್ಲ ಇದ್ರಲ್ಲಿ? ಇದ್ರೆ ಶನಿವಾರ ಬೆರಳಿಟ್ಟು ತೋರಿಸ್ಬಹುದು. ಕಾಗದ ತೋರಿಸಿದ್ರೆ ಅವರು ತಲೆ ಎತ್ತುವುದೇ ಇಲ್ಲ."

"ಪೇಂಟ್ ಒಣಗ್ತಾ ಉಂಟು ಗುಣವತಿಯಕ್ಕ. ಈಗ ಬಟ್ಟೆ ತೆಗೀಲಿಕ್ಕೆ ಆಗುವುದಿಲ್ಲ."

ಗುಣವತಿ ಹೋಗಲಿಲ್ಲ. ಮೂಗು ಅರಳಿಸಿ ನಿಂತಳು.

"ಇದೇ ವಾಸನೆ."

"ಎಂತ ವಾಸನೆ?"

"ಮನೆಯಲ್ಲಿ. ಭಾನುವಾರ ಶುರುವಾದದ್ದು. ಕಿಟಕಿ ತೆಗೀಲಿಕ್ಕೆ ಹೋದ್ರೆ ಅಂಟಿಕೊಂಡ ಹಾಗೆ. ಅಂಗಳ ಎಲ್ಲ ಹೊಳೀತದೆ, ಒದ್ದೆ ಅಂತ ಮುಟ್ಟಿದ್ರೆ ಒದ್ದೆ ಇಲ್ಲ. ನಿನ್ನೆಯಿಂದ ಇನ್ನೂ ಜಾಸ್ತಿ. ಮಳೆ ಬೀಳುವುದು ಕಾಣ್ತದೆ, ಹಂಚಿನ ಮೇಲೆ ಸದ್ದೇ ಇಲ್ಲ. ಬಸ್‌ಸ್ಟಾಪಿನಲ್ಲಿ ಗಂಟಲು ಹರಿಯುವ ಹಾಗೆ ಕೂಗಿದೆ, ಆ ಡ್ರೈವರ್ ನನ್ನನ್ನು ನೋಡ್ಲೇ ಇಲ್ಲ. ಪಕ್ಕದ ಮನೆಯಲ್ಲಿ ಮುದ್ದು ಅಂತ ಇದ್ದಾನೆ, ಅವನೊಬ್ಬನಿಗೆ ನನ್ನ ಮಾತು ಕೇಳುವುದು." ಅವಳು ನಕ್ಕಳು. "ಅವನಿಗೆ ಮೊದಲೇ ಕಿವಿ ಮಂದ. ನನ್ನ ಗ್ರಹಚಾರ ನೋಡಿ."

ಭಾನುವಾರ, ಮತ್ತೆ ಬುಧವಾರ. ಫ್ಲಾವಿಯಾಳ ಕೈ ಬಟ್ಟೆಯ ಮೇಲೆಯೇ ಇತ್ತು.

"ಮಳೆಗಾಲ ಅಲ್ವಾ," ಎಂದಳು. "ತೇವಕ್ಕೆ ಹಾಗೆ ಆಗ್ತದೆ."

ಶುಕ್ರವಾರ ಗೌರವ್ ವ್ಯಾನ್ ತಂದು, ಎದುರಿಗೇ ನಿಂತ. "ಇನ್ನೂ ಮಂಜು ಮಂಜು ಉಂಟಲ್ಲ ಮೇಡಂ. ಕೊನೆಯದೊಂದು ಹೊಡೆದುಬಿಡಿ, ತಗೊಂಡೇ ಹೋಗ್ತೇನೆ." ಫ್ಲಾವಿಯಾ ಥಿನ್ನರ್ ಬೆರೆಸಿದಳು. ಸ್ಪ್ರೇ ಗನ್ ಎತ್ತಿದ ಕೈ ಒಂದು ಗಳಿಗೆ ನಿಂತಿತು. ಆಮೇಲೆ, ಇಷ್ಟು ವರ್ಷ ಮಾಡಿದ ಅಭ್ಯಾಸದಲ್ಲಿ, ಎಡದಿಂದ ಬಲಕ್ಕೆ ಚಲಿಸಿತು.

ಮಂಜು ಕರಗಿತು. ಚೌಕಗಳಿಲ್ಲ, ನೀಲಿ ಚುಕ್ಕೆಯಿಲ್ಲ. ಕನ್ನಡಿಯಂಥ ನೀರು. ಅಷ್ಟರಲ್ಲಿ ಟಕ್ ಟಕ್ ಎಂದು ಉಗುರಿನಿಂದ ಗಾಜು ಬಡಿದ ಸದ್ದಾಯಿತು. ಗೌರವ್ ಹೋಗಿ ಬಾಗಿಲು ತೆರೆದು ನೋಡಿದ. "ಯಾರೂ ಇಲ್ಲ," ಎಂದ. ಫ್ಲಾವಿಯಾ ಬಾಗಿಲ ಕಡೆ ತಿರುಗಿರಲಿಲ್ಲ. ಸದ್ದು ಬಂದದ್ದು ಮೇಜಿನಿಂದ.

ಶನಿವಾರ ಸಭಾಂಗಣದ ನಡುವೆ ಮಾಡೆಲ್ ಹೊಳೆಯುತ್ತಿತ್ತು. ಅದರ ಲೈಟು ನೋಡಿಕೊಳ್ಳಲು ಫ್ಲಾವಿಯಾ ತನ್ನ ಸಾಮಾನಿನ ಪೆಟ್ಟಿಗೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಅಧಿಕಾರಿಗಳು ಬಗ್ಗಿ ನೋಡಿದರು. ಒಬ್ಬರು ನಾಗಬನಕ್ಕೆ ಕೈ ಮುಗಿದರು.

ಗುಣವತಿ ಒಳಗೆ ಬಂದಳು. ಹಿಂದೆ ಮುದ್ದು, ಅವನ ಹಿಂದೆ ಆ ಸಾಲಿನ ಎಲ್ಲ ಮನೆಯವರು. ಅವರ ಮುಖ, ಕೈ, ಹೆಂಗಸರ ಸೀರೆಯ ಸೆರಗು ಕೂಡ ಹೊಳೆಯುತ್ತಿತ್ತು, ಮಳೆಯಲ್ಲಿ ನೆನೆದವರಂತೆ. ಆದರೆ ಅವರು ನಡೆದು ಬಂದ ನೆಲದ ಮೇಲೆ ಒಂದು ಹನಿ ನೀರಿರಲಿಲ್ಲ. ಚಪ್ಪಲಿಯ ಸದ್ದೂ ಇರಲಿಲ್ಲ. ಗುಣವತಿ ಅಧಿಕಾರಿಯ ಎದುರು ನಿಂತು ಮಾತಾಡತೊಡಗಿದಳು. ಫ್ಲಾವಿಯಾಳಿಗೆ ಅವಳ ತುಟಿಗಳು ಚಲಿಸುವುದು ಕಾಣುತ್ತಿತ್ತು. ಫ್ಯಾನಿನ ಕಿರಕಿರ ಕೇಳುತ್ತಿತ್ತು, ಗೌರವ್ ಪೆನ್ನು ಒತ್ತುವುದೂ ಕೇಳುತ್ತಿತ್ತು. ಗುಣವತಿಯ ಮಾತು ಕೇಳುತ್ತಿರಲಿಲ್ಲ. ಮುದ್ದು ಮೇಜನ್ನು ಕುಟ್ಟಿದ. ಮೇಜಿನ ಮೇಲಿದ್ದ ಲೋಟದ ನೀರು ಅಲುಗಲಿಲ್ಲ.

"ಆಕ್ಷೇಪ ಇರುವವರು ಯಾರಾದರೂ ಬಂದಿದ್ದಾರಾ?" ಎಂದು ಅಧಿಕಾರಿ ಕೇಳಿದರು, ಅವರನ್ನು ಹಾಯ್ದು ಹಿಂದಿನ ಗೋಡೆ ನೋಡುತ್ತ.

ಗೌರವ್ ಸುತ್ತಲೂ ನೋಡಿದ. "ಯಾರೂ ಇಲ್ಲ ಸಾರ್."

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ನಿಜವಾಗಿಯೂ ಕಾಣುತ್ತಿರಲಿಲ್ಲ. ಕೋಟ್ ಮೇಲೆ ಕೋಟ್ ಹೊಡೆದು ಇವರನ್ನು ಅಡಿಗೆ ಹಾಕಿದ ಕೈ ಅವನದಲ್ಲ. ಅಧಿಕಾರಿ ಸಹಿಗೆಂದು ಪೆನ್ನಿನ ಮುಚ್ಚಳ ತೆಗೆದರು. ಗುಣವತಿ ಮಾತು ನಿಲ್ಲಿಸಿ, ಸಭಾಂಗಣದಲ್ಲಿ ತನ್ನನ್ನು ಕಾಣುವ ಒಬ್ಬಳೇ ಒಬ್ಬಳ ಕಡೆ ತಿರುಗಿದಳು.

ಫ್ಲಾವಿಯಾ ಪೆಟ್ಟಿಗೆಯಿಂದ ಬ್ಲೇಡ್ ತೆಗೆದಳು.

"ಮೇಡಂ, ಎಂತ ಮಾಡ್ತೀರಿ ಅದಕ್ಕೆ?"

ಬ್ಲೇಡ್ ಕೊಳಕ್ಕೆ ಇಳಿಯಿತು. ಪೂರ್ತಿ ಗಟ್ಟಿಯಾಗದ ವಾರ್ನಿಷ್ ಹಾಲಿನ ಕೆನೆಯಂತೆ ಸುರುಳಿಯಾಗಿ ಎದ್ದು ಬಂತು. ಸಭಾಂಗಣಕ್ಕೆಲ್ಲ ಥಿನ್ನರ್ ವಾಸನೆ ಹರಡಿತು. ಗೌರವ್ ಅವಳ ತೋಳು ಹಿಡಿದ. ಅವಳು ಕೊಡವಿಕೊಂಡಳು. ಬಣ್ಣ ಹೋಯಿತು. ಪುಟ್ಟಿ ಬಿಳಿ ಹುಡಿಯಾಗಿ ಉದುರಿತು. ಎಲ್ಲಿಂದಲೋ ಹಂಚಿನ ಮೇಲೆ ಮಳೆ ಬೀಳುವ ಸದ್ದು, ತೀರ ಸಣ್ಣಗೆ. ಇನ್ನೊಂದು ಹೆರೆತಕ್ಕೆ ಗೋಡೆ ಕಂಡಿತು. ಯಾರೋ ಕೆಮ್ಮಿದರು. ಮತ್ತೊಂದಕ್ಕೆ ನೀಲಿ ಕಂಡಿತು.

"...ಆಗ್ಲಿಂದ ಹೇಳ್ತಾ ಇದ್ದೇನೆ ಸಾರ್, ಆ ನೀಲಿ ಬಾಗಿಲಿನದ್ದು ನಮ್ಮ ಮನೆ."

ಅಧಿಕಾರಿಯ ಕೈಯಿಂದ ಪೆನ್ನು ಬಿತ್ತು. "ಯಾರಮ್ಮ ನೀವು? ಯಾವಾಗ ಒಳಗೆ ಬಂದದ್ದು?"

ಫ್ಲಾವಿಯಾ ತಲೆ ಎತ್ತಿ ನೋಡಿದಳು. ಗುಣವತಿಯ ಪಕ್ಕದಲ್ಲಿ ಮುದ್ದು ಬಾಯಿ ತೆರೆದು ಕೂಗುತ್ತಲೇ ಇದ್ದ, ಸದ್ದಿಲ್ಲದೆ. ಅವಳು ಬ್ಲೇಡನ್ನು ಪಕ್ಕದ ಮನೆಯ ಮೇಲೆ ಇಟ್ಟು ಒತ್ತಿದಳು.