ಅಮ್ಮ ಕೇಳಿದ ಹೆಪ್ಪು

ಟ್ಯೂಬಿನ ಮೇಲಿನ ಬರಹ ಅಳಿಸಿಹೋಗಿತ್ತು. ಬಸ್ಸು ಹಿರೇಹಳ್ಳಿ ದಾಟುವಾಗ ಮೇಘಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಐಸು ಕರಗಿದ ನೀರಿನ ಕೆಲಸ. ಒಳಗೆ ಬಿಳಿಯ ಮಬ್ಬು, ಅಷ್ಟೆ.

ತಂದದ್ದು ಮನೆಯ ಹೆಪ್ಪನ್ನೋ, ತಾನು ತಿದ್ದಿದ್ದನ್ನೋ?

ಎರಡೂ ಹುಟ್ಟಿದ್ದು ಮೊಳಕಾಲ್ಮೂರಿನ ಅಮ್ಮನ ಮೊಸರಿನಲ್ಲೇ. ಅದನ್ನು ಚಳ್ಳಕೆರೆ ಬಳಿಯ ಲ್ಯಾಬಿಗೆ ಒಯ್ದು, ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ, ಕರುಳಿನ ಹುಣ್ಣು ಮಾಯಿಸುವ ಪ್ರೋಟೀನನ್ನು ಸ್ರವಿಸುವಂತೆ ಮಾಡಿದ್ದಳು. ಹೊರಗೆ ಹರಡಬಾರದೆಂದು, ಲ್ಯಾಬಿನ ಆಹಾರವಿಲ್ಲದೆ ಬೆಳೆಯದಂತೆಯೂ ಮಾಡಿದ್ದಳು. ಅದರಿಂದ ಹಾಲು ಮೊಸರಾಗದು. ಮನುಷ್ಯರಿಗೆ ಕೊಡಲು ಇನ್ನೂ ಅನುಮತಿಯಿಲ್ಲ.

ಈಗ ಮನೆಯಲ್ಲಿ ಹೆಪ್ಪಿಗೆಂದು ಎತ್ತಿಟ್ಟದ್ದನ್ನೂ ಅಪ್ಪ ತಿಂದುಬಿಟ್ಟಿದ್ದ. ಕರುಳು ಹುಣ್ಣಾದ ಅವನ ಹೊಟ್ಟೆಗೆ ಬೇರೇನೂ ಹಿಡಿಸುತ್ತಿರಲಿಲ್ಲ. "ನಮ್ದು ನಿನ್ ಹತ್ರ ಐತಲ್ಲ, ತಗಂಬಾ" ಎಂದಿದ್ದಳು ಅಮ್ಮ ಗೋವಿಂದಮ್ಮ, ಕೊಟ್ಟ ಪಾತ್ರೆ ವಾಪಸು ಕೇಳುವಂತೆ.

ಅವಳು ಮನೆ ಹೊಕ್ಕಾಗ ಮಗ್ಗದ ಗುಂಡಿಯಿಂದ ಅಪ್ಪ ವೆಂಕಟಪ್ಪ ತಲೆಯೆತ್ತಿದ. ಸೆರಗಿನ ನವಿಲು ಅರ್ಧಕ್ಕೆ ನಿಂತಿತ್ತು. ಮತ್ತೆ ಮತ್ತೆ ಎದ್ದು ಓಡುವವನಿಗೆ ಅದು ಯಾವಾಗ ಮುಗಿದೀತು?

"ನಿನ್ನ ಲ್ಯಾಬಿನ ಹುಳ ತಂದ್ಯಾ?"

"ಮನೆ ಹೆಪ್ಪು, ನಾಯ್ನ."

"ಹುಳಾನೇ ತರ್ಬೇಕಿತ್ತು. ಹೊಟ್ಟೆ ನಂದು, ಪರ್ಮಿಷನ್ ಇನ್ಯಾರ್ದೋ."

ಉಗುರುಬೆಚ್ಚಗಿನ ಹಾಲಿಗೆ ಟ್ಯೂಬು ಬಗ್ಗಿಸಿದಳು. ಯಾವ ಟ್ಯೂಬೋ ತನಗೇ ಗೊತ್ತಿಲ್ಲವೆಂದು ಸುರಿಯುವ ಮೊದಲು ಹೇಳಬಹುದಿತ್ತು. ಮಧ್ಯಾಹ್ನದ ಮಂಪರಿನಲ್ಲಿ ಅವಳಿಗೆ ಅಪ್ಪನ ಕರುಳು ಉದ್ದನೆಯ, ಒದ್ದೆ ಗೋಡೆಗಳ ದಾರಿಯಾಗಿ ಕಂಡಿತು. ಗೋಡೆಗೊರಗಿ ಮುಖವಿಲ್ಲದವರು ಕೂತು ಹರಿದ ಎಳೆಗಳಿಗೆ ಗಂಟುಹಾಕುತ್ತಿದ್ದರು. ಮೇಘಾ ಯಾರೆಂದು ಅವರಿಗೆ ಗೊತ್ತಿರಲಿಲ್ಲ.

ಇಳಿಹೊತ್ತಿಗೆ ಅಮ್ಮ ಮುಚ್ಚಳ ತೆಗೆದಳು. ಮೇಲೆ ತೆಳ್ಳಗೆ ಹೆಪ್ಪುಗಟ್ಟಿತ್ತು. ಚಮಚ ಇಳಿಸಿದರೆ ಕೆಳಗೆಲ್ಲ ಹಾಲು.

"ಇದು ಆಗೈತೋ, ಇಲ್ವೋ?"

"ಚಳಿಗೇನೋ" ಎಂದಳು ಮೇಘಾ. ಹೊರಗೆ ಬಿಸಿಲು ಇನ್ನೂ ಸುಡುತ್ತಿತ್ತು.

ಅಪ್ಪ ಅದನ್ನೇ ಲೋಟಕ್ಕೆ ಬಗ್ಗಿಸಿಕೊಂಡು ಕುಡಿದ. ನಮ್ಮದೇ ರುಚಿ ಎಂದ. ಬೇಡವೆನ್ನಲು ಅವಳ ಬಾಯಿ ತೆರೆದಿತ್ತು. ಮಾಯುವುದಾದರೆ ಮಾಯಲಿ ಎಂದೂ ಅನ್ನಿಸಿತ್ತು. ಯಾವುದು ಮೊದಲು ಅನ್ನಿಸಿದ್ದೆಂದು ಆಮೇಲೆ ನೆನಪಾಗಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಓಣಿಯ ಹೆಂಗಸರು. ಗೋವಿಂದಮ್ಮನ ಮನೆಗೆ ಹೆಪ್ಪು ಬಂತೆಂದು ಸುದ್ದಿಯಾಗಿತ್ತು. ಪಕ್ಕದ ಮನೆಯ ದ್ರಾಕ್ಷಾಯಣಮ್ಮ ಬಟ್ಟಲು ಚಾಚಿದಳು. "ನಿನ್ನ ಮಗಳು ಅಷ್ಟು ಓದಿದ್ದಕ್ಕೆ ನಮ್ಗೂ ಒಂದು ಚಮಚ ಸಿಕ್ತು ಬಿಡು."

ಹೆಪ್ಪು ಕೇಳಿ ಬಂದವರಿಗೆ ಇಲ್ಲವೆನ್ನುವುದು ಆ ಮನೆಯಲ್ಲಿ ರೂಢಿಯಿರಲಿಲ್ಲ. ಅಮ್ಮ ಒಂದೊಂದು ಬಟ್ಟಲಿಗೂ ಹಾಕುತ್ತ ಹೋದಳು.

"ಅಮ್ಮಾ" ಎಂದಳು ಮೇಘಾ.

"ಏನೇ?"

"ಏನಿಲ್ಲ."

ಹೆಂಗಸರು ಬಟ್ಟಲುಗಳಿಗೆ ಸೆರಗು ಮರೆಮಾಡಿ, ಗಾಳಿಗೆ ದೀಪ ಆರದಂತೆ ಒಯ್ಯುವವರ ಹಾಗೆ ಮೆಲ್ಲಗೆ ನಡೆದರು. ಒಬ್ಬೊಬ್ಬರಾಗಿ ತಮ್ಮ ತಮ್ಮ ಮನೆಯೊಳಗೆ ಹೋದರು. ಒಂದೊಂದೇ ಬಾಗಿಲು ಮುಚ್ಚಿಕೊಂಡಿತು.