ಮೈದಾನಕ್ಕೆ ಬೆನ್ನು

ಮಿಯೋಶಿ ಕಿನುಯೋ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬೇಸ್‌ಬಾಲ್ ಪಂದ್ಯಗಳಿಗೆ ಹೋಗಿದ್ದಾಳೆ, ಒಂದನ್ನೂ ನೋಡಿಲ್ಲ. ಇದರಲ್ಲಿ ಒಗಟೇನಿಲ್ಲ. ನಮ್ಮಲ್ಲಿ ಹುರಿದುಂಬಿಸುವ ಮೇಳವನ್ನು ನಡೆಸುವವರು ಜನರ ಕಡೆ ಮುಖ ಮಾಡಿ, ಮೈದಾನಕ್ಕೆ ಬೆನ್ನು ಹಾಕಿ ನಿಲ್ಲಬೇಕು. ಎದುರಿಗೆ ಡೋಲು, ಡೋಲಿನಾಚೆ ಜನ. ಹಿಂದೆ ಏನಾಗುತ್ತಿದೆ ಎನ್ನುವುದನ್ನು ಅವರ ಮುಖದಲ್ಲೇ ಓದಿಕೊಳ್ಳಬೇಕು. ಬಾಯಿ ತೆರೆದರೆ ಚೆಂಡು ಆಕಾಶದಲ್ಲಿದೆ. ಮುಚ್ಚಿದರೆ ಯಾರದೋ ಕೈಗವಸಿಗೆ ಬಿದ್ದಿದೆ. ಮುಖವೇ ಅತ್ತ ತಿರುಗಿದರೆ ಬಿಯರ್ ಮಾರುವವಳು ಬಂದಿದ್ದಾಳೆ.

"ಆಟ ನೋಡೋಕೆ ಟಿವಿ ಇದೆಯಲ್ಲ" ಅನ್ನುತ್ತಿದ್ದಳು. ಟಿವಿಯಲ್ಲಿ ಆಟ ಬರುವ ಹೊತ್ತಿಗೆ ಸೂಪರ್ ಮಾರ್ಕೆಟ್ಟಿನ ಬಾಗಿಲಲ್ಲಿ ನಿಂತು ಸಹಿ ಕೇಳುತ್ತಿದ್ದಳು.

ನಮ್ಮ ಶಿಕೋಕು ದ್ವೀಪದಲ್ಲಿ ಬೆಟ್ಟಗಳಿವೆ, ಕಿತ್ತಳೆ ಇದೆ, ದೇವಸ್ಥಾನಗಳಂತೂ ನಡೆದು ಮುಗಿಯದಷ್ಟಿವೆ. ದೊಡ್ಡ ಲೀಗಿನಲ್ಲಿ ಆಡುವ ತಂಡ ಒಂದೂ ಇಲ್ಲ. ಅದನ್ನು ತರಿಸಲೆಂದು ಕಿನುಯೋ ಕಟ್ಟಿದ್ದೇ ನಮ್ಮ ಸಮಿತಿ. ಅವಳು ಅಧ್ಯಕ್ಷೆ. ಮೀನಿನ ವಡೆ ಕರಿಯುವ ಓಚಿ ಕಹಳೆಗಾರ. ಊರಿನ ಪತ್ರಿಕೆಯಲ್ಲಿ ತಪ್ಪು ತಿದ್ದಿಕೊಂಡಿದ್ದು ನಿವೃತ್ತನಾಗಿ, ಅದಕ್ಕೇ ಎಲ್ಲರ ಬಾಯಲ್ಲೂ ಮೇಷ್ಟ್ರಾದ ನಾನು ಉಪಾಧ್ಯಕ್ಷ. ಅಂದರೆ ಡೋಲಿನ ಇನ್ನೊಂದು ತುದಿ ಹಿಡಿಯುವವನು. ಸಹಿ ಹಾಕಲು ನಮ್ಮ ಜನ ಯಾವತ್ತೂ ಹಿಂದೆಗೆದವರಲ್ಲ. ಕೇಳಿದವರಿಗೆ ಇಲ್ಲ ಅನ್ನುವುದು ಒರಟುತನ. ಹೀಗಾಗಿ ಸಾಕುನಾಯಿಯ ಹೆಸರಲ್ಲೂ ಹಾಕಿಕೊಟ್ಟವರಿದ್ದಾರೆ. ಇಲ್ಲದ ತಂಡಕ್ಕೆ ಒಂದು ಹಾಡೂ ಇತ್ತು. ತಂಡದ ಹೆಸರೇನಿರಬೇಕೆಂದು ದ್ವೀಪದ ನಾಲ್ಕು ಸೀಮೆಯವರು ಒಪ್ಪಂದಕ್ಕೆ ಬಾರದ್ದರಿಂದ ಹೆಸರು ಬರುವ ಕಡೆ ಎಲ್ಲರೂ "ನ ನಾ ನಾ" ಅನ್ನಬೇಕಿತ್ತು. ಎಷ್ಟು ವರ್ಷ "ನ ನಾ ನಾ" ಅಂದೆವೋ!

ಕಿನುಯೋ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿಯವಳು. ಊರಿನ ಹೈಸ್ಕೂಲ್ ತಂಡದ ಸಮವಸ್ತ್ರವೆಲ್ಲ ಅವಳ ಕೈಯಲ್ಲೇ ಬಿಳಿಯಾಗುತ್ತಿತ್ತು. ಬೇಸಿಗೆಯ ಪಂದ್ಯಾವಳಿಯಲ್ಲಿ ನಮ್ಮ ಹುಡುಗರು ದೇಶವೇ ನೋಡುವ ಹಾಗೆ ಆಡುವರು. ಮೀಸೆ ಬರುವಷ್ಟರಲ್ಲಿ ಒಸಾಕಾ, ಟೋಕಿಯೋ ಕಡೆಯ ತಂಡಗಳು ಎತ್ತಿಕೊಂಡು ಹೋಗುವವು. "ಮೊಣಕಾಲಿನ ಮಣ್ಣು ಉಜ್ಜೋಳು ನಾನು, ಎದೆ ಮೇಲೆ ಹೆಸರು ಬರ್ಕೊಳ್ಳೋರು ಬೇರೆಯವ್ರು" ಅನ್ನುವಳು. ಅವಳಿಗೆ ಬೇಕಾಗಿದ್ದುದು ಇಷ್ಟೇ: ಎದೆ ಮೇಲೆ ನಮ್ಮ ನೆಲದ ಹೆಸರಿರುವ ಒಂದು ತಂಡ, ಅದಕ್ಕಾಗಿ ಒಮ್ಮೆ ಗಂಟಲು ಹರಿಯುವಂತೆ ಕೂಗುವುದು.

ಈ ವರ್ಷ ಅದು ಕೈಗೆಟುಕುವಷ್ಟು ಹತ್ತಿರ ಬಂತು. ಟೋಕಿಯೋ ಪಕ್ಕದ 'ಕೊಕ್ಕರೆಗಳು' ಎಂಬ ತಂಡದ ಮೈದಾನಕ್ಕೆ ಜನ ಬರುತ್ತಿಲ್ಲ, ಮಾಲೀಕರು ಬೇರೆ ನೆಲೆ ಹುಡುಕುತ್ತಿದ್ದಾರೆ ಎಂಬ ಸುದ್ದಿ. ಪರೀಕ್ಷೆಗೆಂದು ಒಂದು ಭಾನುವಾರದ ಪಂದ್ಯವನ್ನು ನಮ್ಮೂರಲ್ಲಿ ಇಟ್ಟರು. ಲೆಕ್ಕಕ್ಕೆ ಕೊಕ್ಕರೆಗಳೇ ಮನೆಯವರು, ಅಂದರೆ ಆತಿಥೇಯರು; ಎದುರಾಳಿ ಒಸಾಕಾ ಕಡೆಯ ತಂಡ. ನೋಡಿಕೊಂಡು ಹೋಗಲು ತಚಿಕಾವಾ ಎಂಬ ಹಿರಿಯ ಅಧಿಕಾರಿ ಬರುತ್ತಾರೆ.

"ಇದಾಗ್ಲಿಲ್ಲ ಅಂದ್ರೆ ಸಮಿತಿ ಮುಚ್ಬಿಡೋಣ" ಅಂದಳು ಕಿನುಯೋ, ಡೋಲನ್ನು ಓಚಿಯ ವ್ಯಾನಿಗೆ ಏರಿಸುತ್ತಾ. "ಮಂಡಿ ಕೇಳಲ್ಲ. ನಿಜ ಹೇಳ್ಬೇಕೂಂದ್ರೆ, ಮನಸ್ಸೂ ಕೇಳಲ್ಲ."

"ಹೋದ ವರ್ಷಾನೂ ಹೀಗೇ ಅಂದಿದ್ದೆ ಅಕ್ಕಾ" ಅಂದ ಓಚಿ.

"ಹೋದ ವರ್ಷ ಸುಳ್ಳು ಹೇಳಿದ್ದೆ."

ಮಧ್ಯಾಹ್ನದ ಹೊತ್ತಿಗೆ ಮೈದಾನ ತುಂಬಿತು. ಬಾಗಿಲಲ್ಲಿ ನಾವು ಕಿತ್ತಳೆ ಬಣ್ಣದ ಟವೆಲು ಹಂಚಿದೆವು. ಜನ ಎರಡು ಕೈಯಲ್ಲಿ ತೆಗೆದುಕೊಂಡು, ಬಗ್ಗಿ, ಕೊರಳಿಗೆ ಸುತ್ತಿಕೊಂಡರು. ಕೊರಳಿನ ಕೆಳಗೆ ಮಾತ್ರ ಮುಕ್ಕಾಲು ಪಾಲು ಜನ ಒಸಾಕಾ ತಂಡದ ಅಂಗಿ ತೊಟ್ಟಿದ್ದರು. ಅಪ್ಪ ತೊಟ್ಟದ್ದು, ಅಜ್ಜ ತೊಟ್ಟದ್ದು. ನಮ್ಮಲ್ಲಿ ತಂಡ ಎನ್ನುವುದು ಮನೆದೇವರ ಹಾಗೆ ಮನೆಯಿಂದ ಬರುವಂಥದ್ದು.

"ತಲೆ ನಮ್ದು, ಮುಂಡ ಅವ್ರದ್ದು" ಅಂದ ಓಚಿ.

"ತಲೆ ಸಾಕು. ಕೂಗೋದು ತಲೇನೇ" ಅಂದಳು ಕಿನುಯೋ.

ಜನ ಸಾಲಾಗಿ ಕೂತರು. ಕಿನುಯೋ ಪೆಟ್ಟಿಗೆಯ ಮೇಲೆ ಹತ್ತಿ, ಮೈದಾನಕ್ಕೆ ಬೆನ್ನು ಹಾಕಿ, ಕೋಲು ಎತ್ತಿ ಹೇಳಿದಳು: "ನೋಡ್ರಪ್ಪಾ, ನೋಡ್ರಮ್ಮಾ, ಇವತ್ತು ಕೊಕ್ಕರೆಗಳೇ ನಮ್ಮೋರು. ಅವರು ಬ್ಯಾಟು ಹಿಡಿದಾಗ ಕೂಗಬೇಕು, ಎದುರಿನವರು ಹಿಡಿದಾಗ ತೆಪ್ಪಗಿರಬೇಕು. ಗೊತ್ತಾಯ್ತಾ?" ಇದು ಯಾರಿಗೂ ಹೇಳಿಕೊಡಬೇಕಾದ್ದೇ ಅಲ್ಲ. ನಮ್ಮವರು ಬ್ಯಾಟು ಮಾಡುವಾಗ ನಾವು, ಅವರು ಮಾಡುವಾಗ ಅವರು, ದೇಶದಾದ್ಯಂತ ಪದ್ಧತಿ. ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಹಾಡು. ಆ ಹಾಡನ್ನು ಅವನ ಕಡೆಯವರೇ ಹಾಡಬೇಕು.

ನಮ್ಮ ಜನ ಮಾತು ಉಳಿಸಿಕೊಂಡರು. ಕೊಕ್ಕರೆಗಳಲ್ಲಿ ಒಬ್ಬನ ಹೆಸರೂ ಯಾರಿಗೂ ಗೊತ್ತಿರಲಿಲ್ಲ; ಆದರೂ ಹಾಳೆಯಲ್ಲಿ ಅಚ್ಚು ಹಾಕಿಸಿದ ಹಾಡುಗಳನ್ನು ಕನ್ನಡಕ ಏರಿಸಿಕೊಂಡು, ಶಾಲೆಯ ಮಕ್ಕಳಂತೆ ಪಾಪ, ಓದಿ ಓದಿ ಹಾಡಿದರು. ಒಸಾಕಾದವರು ಬ್ಯಾಟಿಗೆ ಬಂದಾಗ ಕೈಕಟ್ಟಿ ಕೂತರು. ತಮ್ಮ ಅಜ್ಜನ ತಂಡದ ಹಾಡು ದೂರದ ಮೂಲೆಯಲ್ಲಿದ್ದ ಒಸಾಕಾ ಮೇಳದಿಂದ ಕೇಳಿಬಂದರೆ ಕಾಲು ಬೆರಳಲ್ಲಿ ಮಾತ್ರ ತಾಳ ಹಾಕಿದರು. ಮೈದಾನದಾಚೆ ಮೇಲಿನ ಗಾಜಿನ ಕೋಣೆಯಲ್ಲಿ ತಚಿಕಾವಾ ನಿಂತು ನೋಡುತ್ತಿದ್ದುದು ನನಗೆ ಕಾಣುತ್ತಿತ್ತು. ತಲೆಯಾಡಿಸುತ್ತಿದ್ದರು. ಕಿನುಯೋಗೆ ಅದು ಕಾಣುತ್ತಿರಲಿಲ್ಲವಾದ್ದರಿಂದ ನಾನೇ ಹೇಳಿದೆ.

"ಯಾವ ಥರ ತಲೆಯಾಡಿಸ್ತಿದಾರೆ ಮೇಷ್ಟ್ರೇ? ಮೇಲೆ ಕೆಳಗಾ, ಆಕಡೆ ಈಕಡೆಯಾ?"

"ಮೇಲೆ ಕೆಳಗೆ."

ಅವಳು ಬೆವರು ಒರೆಸಿಕೊಳ್ಳುವ ನೆವದಲ್ಲಿ ಕಣ್ಣೂ ಒರೆಸಿಕೊಂಡಳು.

ಕೊನೆಯ ಇನ್ನಿಂಗ್ಸ್ ಬಂತು. ಕೊಕ್ಕರೆಗಳು ಒಂದು ಓಟದಿಂದ ಮುಂದೆ. ಒಸಾಕಾದವರ ಬ್ಯಾಟಿಂಗ್, ಇಬ್ಬರು ಔಟ್, ಇಬ್ಬರು ಬೇಸುಗಳ ಮೇಲೆ. ಇನ್ನೊಬ್ಬ ಔಟಾದರೆ ಮುಗಿಯಿತು, ನಮ್ಮ ಮನೆಯವರು ಗೆದ್ದ ಹಾಗೆ. ಚೆಂಡು ಎಸೆಯುತ್ತಿದ್ದವನು ಕುದೋ ಎಂಬ ಉತ್ತರದ ಹಿಮದ ಸೀಮೆಯ ಹುಡುಗ. ಕೆನ್ನೆ ಇನ್ನೂ ಕೆಂಪಗಿತ್ತು. ಆಗ ಒಸಾಕಾದ ಕಡೆಯಿಂದ ಬದಲಿ ಬ್ಯಾಟುಗಾರನೊಬ್ಬ ನಿಧಾನವಾಗಿ, ಸ್ವಲ್ಪ ಕುಂಟುತ್ತಾ ಎದ್ದು ಬಂದ.

ನಿನೋಮಿಯಾ ಶೂಗೋ. ನಮ್ಮೂರ ಹೈಸ್ಕೂಲಿನವನು. ಹಳೆ ಬಸ್ ನಿಲ್ದಾಣದ ಹಿಂದಿನ ಓಣಿಯ ಟಾಟಾಮಿ ಚಾಪೆ ಹೆಣೆಯುವವರ ಮಗ. ಒಸಾಕಾಕ್ಕೆ ಹೋಗಿ ಹೆಸರು ಮಾಡಿ, ಈಗ ವಯಸ್ಸಾಗಿ, ಇದೇ ಕೊನೆಯ ವರ್ಷ ಅನ್ನುತ್ತಿದ್ದರು. ಅವನು ತಂಡದ ಜೊತೆ ಬಂದಿದ್ದಾನೆಂದು ಗೊತ್ತಿತ್ತು. ಇಳಿಸುತ್ತಾರೆಂದು ಯಾರೂ ನಂಬಿರಲಿಲ್ಲ.

ಮೊದಲು ಎದ್ದವಳು ಮೂರನೆಯ ಸಾಲಿನ ಒಬ್ಬ ಮುದುಕಿ. "ಅಯ್ಯೋ, ಶೂಗೋ ಕಣ್ರೇ!" ಅಂದಳು, ತಪ್ಪಿಸಿಕೊಂಡ ಬೆಕ್ಕು ಸಿಕ್ಕಿದ ಹಾಗೆ. ಆಮೇಲೆ ಇಡೀ ಮೈದಾನ ಎದ್ದಿತು. ಮೂಲೆಯ ಕಹಳೆಗಳು ಅವನ ಹಾಡು ಹಿಡಿದವು. ನಮ್ಮ ಕಡೆಯ ಜನ ಯಾವ ಹಾಳೆಯನ್ನೂ ನೋಡದೆ ಹಾಡಿದರು. ಅಷ್ಟು ದೊಡ್ಡ ಸದ್ದನ್ನು ನಾನು ನಮ್ಮ ದ್ವೀಪದಲ್ಲಿ ಕೇಳಿಲ್ಲ, ಚಂಡಮಾರುತದಲ್ಲೂ ಇಲ್ಲ. ಓಚಿಯ ಕಹಳೆ ತುಟಿಗೆ ಹೋಗಿತ್ತು. ಅದು ತಾನಾಗಿ ಹೋಯಿತೆಂದು ಅವನು ಇವತ್ತಿಗೂ ಹೇಳುತ್ತಾನೆ.

ಕಿನುಯೋ ಜನರ ಮುಖ ನೋಡಿದಳು. ಆಮೇಲೆ ಯಾವ ಮೇಳದವರೂ ಮಾಡಬಾರದ ಕೆಲಸ ಮಾಡಿದಳು: ಜನಕ್ಕೆ ಬೆನ್ನು ಹಾಕಿ ಮೈದಾನದ ಕಡೆ ತಿರುಗಿದಳು. ಅವನ ಮೊಣಕಾಲಿನ ಮಣ್ಣು ತೊಳೆದವಳಲ್ಲವೇ. ಕೈ ಹಿಂದಕ್ಕೆ ಹೋಗಿ ಡೋಲಿನ ಮೇಲೆ ಎರಡು ಪೆಟ್ಟು ಬಿತ್ತು. ಮೂರನೆಯದು ಬೀಳಲಿಲ್ಲ.

ಚೆಂಡು ಬಲಗಡೆಯ ಗೋಡೆಗೆ ಹೋಗಿ ಬಡಿಯಿತು. ಬೇಸುಗಳ ಮೇಲಿದ್ದ ಇಬ್ಬರೂ ಓಡಿ ಬಂದರು, ಒಸಾಕಾ ಒಂದು ಓಟ ಮುಂದಾಯಿತು. ಜನ ಅಪರಿಚಿತರನ್ನೆಲ್ಲ ತಬ್ಬಿಕೊಂಡರು, ಕಿತ್ತಳೆ ಟವೆಲು ಬೀಸಿದರು. ಇನ್ನೂ ಉಳಿದಿದ್ದ ಕೊಕ್ಕರೆಗಳ ಕೊನೆಯ ಬ್ಯಾಟಿಂಗಿಗೆ ಕೂಗಬೇಕೆಂದು ನೆನಪಾಗುವ ಹೊತ್ತಿಗೆ ಯಾರ ಗಂಟಲಲ್ಲೂ ಧ್ವನಿ ಇರಲಿಲ್ಲ. ಮನೆಯವರು ಮನೆಯಲ್ಲೇ ಸೋತರು. ಮನೆ ತುಂಬ ಹಬ್ಬ.

ಜನ ಕುರ್ಚಿಯ ಕೆಳಗಿನ ಕಸ ಹೆಕ್ಕುತ್ತಿರುವಾಗ ತಚಿಕಾವಾ ಇಳಿದು ಬಂದರು. ಸಣ್ಣ ಮೈಯ, ಒಳ್ಳೆಯ ಬೂಟಿನ ಮನುಷ್ಯ. ಬಗ್ಗಿದರು, ನಾವೂ ಬಗ್ಗಿದೆವು, ಅವರು ಇನ್ನೊಮ್ಮೆ ಬಗ್ಗಿದರು.

"ಇಂಥಾ ಸದ್ದು ನಮ್ಮ ತಂಡ ಯಾವತ್ತೂ ಕೇಳಿಲ್ಲ. ಮಾಲೀಕರಿಗೆ ಫೋನಲ್ಲೇ ಕೇಳಿಸಿದೆ. ಅವರಿಗೆ ತುಂಬ ಹಿಡಿಸಿದೆ" ಅಂದರು. "ಒಂದೇ ಒಂದು ಮಾತು, ತಪ್ಪು ತಿಳಿಯಬೇಡಿ. ನಾವು ಇಲ್ಲಿಗೇ ಬಂದೆವು ಅಂತಿಟ್ಟುಕೊಳ್ಳಿ. ಒಸಾಕಾದವರು ಮತ್ತೆ ಬಂದರೆ ನಿಮ್ಮ ಜನ ಯಾರ ಕಡೆ?"

ಓಚಿ ಕಹಳೆಯ ಬಾಯಿಂದ ಉಗುಳು ಕೊಡವುತ್ತಿದ್ದವನು ಹಾಗೇ ನಿಂತ. ನಾನು ಕಿನುಯೋಳ ತೋಳು ಮುಟ್ಟಿದೆ. "ನಿಮ್ಮ ಕಡೆ" ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಇಪ್ಪತ್ತು ವರ್ಷ ನಾವು ಅದಕ್ಕಿಂತ ದೊಡ್ಡ ಸುಳ್ಳುಗಳನ್ನು ಕರಪತ್ರದಲ್ಲಿ ಅಚ್ಚು ಹಾಕಿಸಿದ್ದೇವೆ.

"ಅವರ ಕಡೆ" ಅಂದಳು ಕಿನುಯೋ. "ಅಪ್ಪ ಅಮ್ಮ ಸತ್ತು, ಮಕ್ಕಳು ಮುದುಕರಾಗೋವರೆಗೂ ಅವರ ಕಡೇನೇ. ಆಮೇಲೆ ನಿಮ್ಮ ಕಡೆ ಬಂದ್ರೂ ಬಂದಾರು."

ತಚಿಕಾವಾ ಫೋನನ್ನು ಜೇಬಿಗಿಳಿಸಿದರು. "ತಾವು ನೇರವಾಗಿ ಹೇಳಿದ್ದು ಉಪಕಾರವಾಯಿತು" ಅಂದು, ಬಗ್ಗಿ, ಹೊರಟರು.

"ಏನಕ್ಕಾ ಇದು!" ಓಚಿ ಹೊತ್ತಿಕೊಂಡ. "ಬಾಯಿಗೆ ಬಂದಿದ್ದ ತುತ್ತು ಕಣೇ! ಯಾರು ಕೇಳಿದ್ರು ನಿನ್ನ ಸತ್ಯಾನ? ಹರಿಶ್ಚಂದ್ರನ ಮೊಮ್ಮಗಳಾ ನೀನು?" ಅವನು ಹೇಳಿದ್ದು ನಮ್ಮ ಕಡೆಯ ಬೇರೊಬ್ಬ ಸತ್ಯವಂತನ ಹೆಸರು, ನಿಮಗೆ ಇವನೇ ಹತ್ತಿರ.

"ಆ ಹುಡುಗನ ಮುಖ ನೋಡಿದ್ಯಾ?" ಅಂದಳು ಅವಳು.

"ಶೂಗೋದಾ?"

"ಅವನದಲ್ಲ. ಎಸೀತಿದ್ನಲ್ಲ, ಅವನದು. ಶೂಗೋನ್ನ ನೋಡೋಣ ಅಂತ ತಿರುಗಿದೆ. ಕಂಡದ್ದು ಆ ಹುಡುಗ. ಇದು ನಿನ್ನ ಮನೆ ಅಂತ ಹೇಳಿ ಕರ್ಕೊಂಡ್ಬಂದು, ಊರಿಗೂರೇ ಎದ್ದು ನಿಂತು ಅವನ ಮೇಲೆ ಕೂಗಿದ್ವಿ. ನಾನೂ ಎರಡೇಟು ಹಾಕ್ದೆ. ವರ್ಷಾ ವರ್ಷಾ ಹೀಗೆ ಮಾಡೋಕೆ ಅವರನ್ನ ಇಲ್ಲಿಗೆ ಕರೀಬೇಕಾ? ನಮ್ಮ ಹುಡುಗ್ರು ಬೇರೆಯವರ ಊರಲ್ಲಿದಾರೆ ಅಂತ ತಾನೆ ನಾನು ಇದನ್ನೆಲ್ಲ ಶುರು ಮಾಡಿದ್ದು?"

ಓಚಿ ಕಹಳೆಯನ್ನು ಹೆಗಲಿಗೇರಿಸಿದ.

ಅವಳು ಅಲ್ಲಿಗೇ ಬಿಡಲಿಲ್ಲ. ಆ ಹುಡುಗನಿಗೆ ಕ್ಷಮೆ ಕೇಳಬೇಕು ಅಂದಳು. ಮೂವರೂ ಡೋಲು ಹೊತ್ತು ಹಿಂದಿನ ಬಾಗಿಲಿಗೆ ಹೋದೆವು. ಬಸ್ಸು ನಿಂತಿತ್ತು. ಕುದೋ ಕೂದಲಿಂದ ನೀರಿಳಿಸುತ್ತಾ ಬಂದ. ಕಿನುಯೋ ಸೊಂಟ ಬಗ್ಗುವಷ್ಟು ಬಗ್ಗಿದಳು. ಹುಡುಗ ಗಾಬರಿಯಾಗಿ, ಹಸ್ತಾಕ್ಷರ ಬೇಕೇನೋ ಎಂದು ಅವಳ ಕೊರಳಿನ ಟವೆಲಿಗೇ ಪೆನ್ನು ಹಚ್ಚಿದ.

"ಅದಲ್ಲಪ್ಪಾ. ನಾವು ಹಾಗೆ ಕೂಗಬಾರದಿತ್ತು. ತಪ್ಪಾಯ್ತು."

ಅವನು ಪೆನ್ನು ಮುಚ್ಚಿದ. ಉತ್ತರದವರ ಮಾತು ನಿಧಾನ.

"ಬಿಡಿ ಅಮ್ಮಾ. ನಮ್ಮ ಮೈದಾನದಲ್ಲಿ ಬೈಯೋಕೂ ಜನ ಇರಲ್ಲ. ನಾನೆಸೆದ ಚೆಂಡು ಕೈಗವಸಿಗೆ ಬಿದ್ದ ಸದ್ದು ನನಗೇ ಕೇಳ್ಸುತ್ತೆ. ಇವತ್ತು ಕೇಳಿಸ್ಲಿಲ್ಲ. ಇಷ್ಟೊಂದು ಜನರ ಮುಂದೆ ಸೋತಿದ್ದು ಇದೇ ಮೊದಲು." ನಕ್ಕ. "ಇಲ್ಲಿಗೆ ಬರ್ತೀವಂತೆ, ಹೌದಾ? ಬಂದ್ರೆ ಚೆನ್ನಾಗಿರುತ್ತೆ. ಮುಂದಿನ ಸಲ ಅವರನ್ನ ಔಟ್ ಮಾಡ್ತೀನಿ, ಆಗ ಕೂಗಿ."

ಅವನು ಹತ್ತಿದ, ಬಾಗಿಲು ಮುಚ್ಚಿತು.

ಕಿನುಯೋ ಟವೆಲು ಹಿಡಿದು ನಿಂತೇ ಇದ್ದಳು. ತಚಿಕಾವಾ ಅವರ ಕಾರು ಆಚೆ ಗೇಟಿನಲ್ಲಿ ಜನಸಂದಣಿಗೆ ಸಿಕ್ಕಿ ಇನ್ನೂ ನಿಂತಿತ್ತು.

"ಓಡ್ಲಾ ಅಕ್ಕಾ?" ಅಂದ ಓಚಿ, ಸಣ್ಣ ದನಿಯಲ್ಲಿ.

"ಏನು ಹೇಳ್ತೀಯ?"

"ಏನೋ ಹೇಳ್ತೀನಿ. ಮುದುಕಿಗೆ ಬಿಸಿಲು ಹತ್ತಿತ್ತು ಅಂತೀನಿ."

"ಓಡು."

ಓಚಿ ಓಡಿದ. ಹೊಟ್ಟೆ ಒಂದು ಕಡೆ, ಕಹಳೆ ಒಂದು ಕಡೆ. ಕಾರಿನ ಕಿಟಕಿಯ ಬಳಿ ಬಗ್ಗಿದ, ಮತ್ತೆ ಬಗ್ಗಿದ. ಗಾಜು ಇಳಿಯಿತು, ಏರಿತು, ಕಾರು ಹೋಯಿತು. ಅವನು ನಡೆದುಕೊಂಡು ವಾಪಸು ಬಂದ.

"ಏನಂದ್ರು?"

"ಸಕಾರಾತ್ಮಕವಾಗಿ ಪರಿಶೀಲಿಸ್ತೀವಿ ಅಂದ್ರು."

"ನಗ್ತಾ ಅಂದ್ರಾ?"

"ನಗ್ತಾ ಅಂದ್ರು."

"ಹಾಗಾದ್ರೆ ಇಲ್ಲ" ಅಂದಳು ಕಿನುಯೋ. ಡೋಲಿನ ತನ್ನ ತುದಿಯನ್ನು ಎತ್ತಿದಳು, ನಾನು ನನ್ನದನ್ನು ಎತ್ತಿದೆ. ರಸ್ತೆಯ ತುಂಬ ಜನ ಇನ್ನೂ ಶೂಗೋನ ಹಾಡು ಹಾಡಿಕೊಂಡು ಹೋಗುತ್ತಿದ್ದರು. ನಮ್ಮನ್ನು ಕಂಡು ಕೈಬೀಸಿ, "ಎಂಥಾ ಆಟ ಅಲ್ವಾ! ಇನ್ನೇನು, ತಂಡ ಬಂದ್ಹಾಗೇ!" ಅಂದರು. ಕಿನುಯೋ ಎಲ್ಲರಿಗೂ ತಲೆ ಬಾಗಿಸಿದಳು.

"ಮುಚ್ತಿದೀವಿ ಅಂತ ಯಾವಾಗ ಹೇಳೋದು?" ಅಂತ ಕೇಳಿದೆ.

"ನಾಳೆ ಹೇಳೋಣ ಮೇಷ್ಟ್ರೇ. ಇವತ್ತು ಬೇಡ. ಇವತ್ತು ಪಾಪ ಎಲ್ರೂ ಗೆದ್ದಿದಾರೆ."